ಸೋಲಿಗೊಂದು ಹಾಲು-ತುಪ್ಪ

ನಮ್ಮ ಚಿಕ್ಕಪ್ಪನಷ್ಟು ಚೆನ್ನಾಗಿ ಸೋಲಬಲ್ಲವರು ಇಡೀ ಮಾಲೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಗೆಲ್ಲುವುದೇನು ಮಹಾ? ಅದೃಷ್ಟವಿದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ. ಕ್ರಮವಾಗಿ, ಶಾಸ್ತ್ರೋಕ್ತವಾಗಿ, ಊರನ್ನು ಕರೆದು ಕೂರಿಸಿಕೊಂಡು ಸೋಲುವುದಕ್ಕೆ ಗುಂಡಿಗೆ ಬೇಕು!

ಅವರ ಸಿದ್ಧಾಂತ ಬಹಳ ಸರಳ. ಸಾವಾದ ಮನೆಯಲ್ಲಿ ಮೂರನೇ ದಿನ ಸಮಾಧಿಗೆ ಹಾಲು-ತುಪ್ಪ ಬಿಡುತ್ತಾರೆ, ನೆಂಟರು ಉಣ್ಣುತ್ತಾರೆ, ಮಾರನೇ ದಿನ ಎಲ್ಲರೂ ಹೊಲದ ಕಡೆ ನಡೆಯುತ್ತಾರೆ. ಪ್ರಾಣ ಹೋದದ್ದಕ್ಕೇ ಇಷ್ಟು ಚೆಂದದ ಏರ್ಪಾಡಿರುವಾಗ ಸೋಲಿಗೇಕೆ ಇರಬಾರದು? ಪಂಚಾಯಿತಿ ಚುನಾವಣೆಯಲ್ಲಿ ಸೋತಾಗ ಅವರು ಎರಡು ದಿನ ಕ್ಷೌರ ಮಾಡಿಕೊಳ್ಳದೆ ಜಗಲಿಯ ಮೇಲೆ ಕೂತರು. ಮೂರನೇ ದಿನ ಓಟು ಹಾಕಿದವರನ್ನೂ ಹಾಕದವರನ್ನೂ ಊಟಕ್ಕೆ ಕರೆದರು. ಗೆದ್ದವನೂ ಬಂದು ಒಬ್ಬಟ್ಟನ್ನು ಮತ್ತೆ ಮತ್ತೆ ಹಾಕಿಸಿಕೊಂಡ. “ಪಾಪ, ಗೆದ್ದೋರ ಮನೇಲಿ ಅಡುಗೆ ಮಾಡೋಕೆ ಪುರುಸೊತ್ತೆಲ್ಲಿರ್ತದೆ” ಎಂದು ಚಿಕ್ಕಪ್ಪ ಮರುಗಿದರು.

“ಬದುಕಿರೋರ ಮನೇಲಿ ಹಾಲು-ತುಪ್ಪ ಅಂತ ಬಾಯಲ್ಲಿ ಅನ್ನಬೇಡಿ” ಎಂದು ಚಿಕ್ಕಮ್ಮ ಗದರುತ್ತಾರೆ.

“ಹಾಲು ಪಾಯಸಕ್ಕೆ, ತುಪ್ಪ ಒಬ್ಬಟ್ಟಿಗೆ. ನಾನೇನು ನೆಲಕ್ಕೆ ಬಿಡ್ತೀನಾ?”

ಇದಲ್ಲದೆ ಅವರಿಗೆ ಇನ್ನೊಂದು ಕಾಯಿಲೆಯಿದೆ. ಮನೆಯಿಂದ ಹೊರಗೆ ಹೋಗುವ ಯಾವ ವಸ್ತುವಿನ ಮೇಲೂ ಒಂದು ಚುಕ್ಕೆಯೂ ಇರಬಾರದು. ನೆಂಟರಿಗೆ ಕಳಿಸುವ ಬದನೆಕಾಯಿ ಮದುಮಗನಂತೆ ಮಿರಿಮಿರಿ ಮಿಂಚುತ್ತಿರುತ್ತದೆ. ಹುಳುಕಿನದೆಲ್ಲ ನಮ್ಮ ಸಾರಿಗೆ. “ಈ ಮನೆ ಬದನೆಕಾಯಿ ರುಚಿ ನೋಡ್ಬೇಕಂದ್ರೆ ನಾನು ಇನ್ನೊಂದೂರಲ್ಲಿ ಹುಟ್ಟಿ ಇವರಿಗೆ ನೆಂಟಳಾಗ್ಬೇಕು” ಎಂಬುದು ಚಿಕ್ಕಮ್ಮನ ಹಳೆಯ ದೂರು. ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ವಿಷಯದಲ್ಲಂತೂ ಕೇಳಲೇಬೇಡಿ. ತೋಟಕ್ಕೆ ರೋಗ ಬಂದರೆ ಮನೆತನಕ್ಕೇ ಕಳಂಕ ಬಂದ ಹಾಗೆ. ಬೇಲಿಯ ಪಕ್ಕ ಯಾರಾದರೂ ನಿಂತರೆ ಮಾತಿಗೆ ಹಿಡಿದು ಬೇರೆ ಕಡೆ ಕರೆದೊಯ್ಯುತ್ತಾರೆ.

ಇಂಥವರ ಅಣ್ಣನ ಮಗನಾದ ನಾನು, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ, ಮಾಲೂರಿನ ಗೆಳೆಯನೊಬ್ಬನ ಜೊತೆ ಸೇರಿ ಒಂದು ಆ್ಯಪ್ ಮಾಡಿದೆ. ಹಿಪ್ಪುನೇರಳೆ ಎಲೆಯ ಫೋಟೋ ತೆಗೆದರೆ ಅದಕ್ಕೆ ಯಾವ ರೋಗ ಬಂದಿದೆ ಎಂದು ಹೇಳುವ ಆ್ಯಪ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸ್ಪರ್ಧೆ. ಫೋನಿನಲ್ಲಿರುವ ಹಳೆಯ ಫೋಟೋ ನಡೆಯುವುದಿಲ್ಲ, ನಿಜವಾದ ಎಲೆ ಹಿಡಿದೇ ತೋರಿಸಬೇಕು ಎಂದು ತೀರ್ಪುಗಾರರು ಮೊದಲೇ ಹೇಳಿದ್ದರು. ಗೆಳೆಯನ ಮನೆಯಲ್ಲಿದ್ದ ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ರೋಗದ ಎಲೆ ಬೇಕು ಎಂದೆ.

ಬೆಳಗಿನ ರೈಲಿಗೆ ಅವರೇ ಮಾಲೂರು ಸ್ಟೇಷನ್ನಿಗೆ ಬಂದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಗಂಟು ಕೊಟ್ಟರು. “ದಾರೀಲಿ ಬಿಚ್ಚಬೇಡ ಕಣೋ, ಗಾಳಿ ತಾಗಿದ್ರೆ ಬಾಡ್ತದೆ.” ನಾವು ಬಿಚ್ಚಲಿಲ್ಲ. ಬಿಚ್ಚಿದ್ದು ತೀರ್ಪುಗಾರರ ಎದುರಿಗೇ.

ಆಹಾ, ಅವೇನು ಎಲೆಗಳು! ಎಳೆಯ ಹಸಿರು, ತೊಳೆದು ಒರೆಸಿದ ಮೈ, ಒಂದು ತೂತಿಲ್ಲ, ಒಂದು ಕಲೆಯಿಲ್ಲ. ಬೆಂಗಳೂರಿನ ದೊಡ್ಡ ಮನುಷ್ಯರ ಮುಂದೆ ರೋಗದ ಎಲೆ ಇಡಲು ಚಿಕ್ಕಪ್ಪನಿಗೆ ಮನಸ್ಸು ಬಂದಿರಲಿಲ್ಲ. ನಮ್ಮ ಆ್ಯಪ್ ಪ್ರಾಮಾಣಿಕ ಪ್ರಾಣಿ. ಹಿಡಿದ ಪ್ರತಿ ಎಲೆಗೂ “ಎಲೆ ಆರೋಗ್ಯವಾಗಿದೆ” ಎಂದಿತು. ಕನ್ನಡಕದ ತೀರ್ಪುಗಾರರೊಬ್ಬರು, “ಇದಕ್ಕೆ ಬೇರೆ ಏನಾದ್ರೂ ಹೇಳೋಕೆ ಬರುತ್ತಾ?” ಎಂದು ಕೇಳಿದರು. ಅಲ್ಲಿಗೆ ನಮ್ಮ ಕಥೆ ಮುಗಿಯಿತು.

ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಕೆಲಸ. ನನಗೆ ಎಷ್ಟು ಬೇಸರವಾಯಿತೆಂದರೆ, ಇನ್ನು ಆ ಆ್ಯಪಿನ ಮುಖ ನೋಡುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಇನ್ನೊಂದು ತೀರ್ಮಾನ ಅದಕ್ಕಿಂತ ಗಟ್ಟಿ: ಸೋತದ್ದು ಯಾಕೆಂದು ಚಿಕ್ಕಪ್ಪನಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಆ ಮನುಷ್ಯ ಕುಸಿದುಹೋಗುತ್ತಾರೆ. “ಅವರಿಗೆ ಹಿಡಿಸಲಿಲ್ಲ” ಎಂದಷ್ಟೇ ಹೇಳಿದೆ.

ಸರಿ, ಲಕ್ಕೂರಿನ ನಮ್ಮ ಮನೆಯಲ್ಲಿ ಸೂತಕ ಶುರುವಾಯಿತು. ಚಿಕ್ಕಪ್ಪ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತರು. ಊರವರು ಮಾತಾಡಿಸಿಕೊಂಡು ಹೋಗಲು ಬಂದರು. ಎದುರುಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಷ್ಟು ದಿನದಿಂದ ಮಲಗಿತ್ತಪ್ಪಾ?” ಎಂದು ವಿಚಾರಿಸಿದಳು. ಆ್ಯಪ್ ಎಂದರೇನೆಂದು ನಾನು ವಿವರಿಸಿದೆ. ಎಲ್ಲವನ್ನೂ ತಲೆಯಾಡಿಸಿ ಕೇಳಿ, “ಪೋನೀಲೇ ನಾಯನಾ, ಹೋಗ್ಲಿ ಬಿಡಪ್ಪಾ, ಹೆಚ್ಚು ನರಳದೆ ಹೋಯ್ತಲ್ಲ” ಎಂದು ತೆಲುಗು ಬೆರೆಸಿ ಸಮಾಧಾನ ಹೇಳಿ ಎದ್ದಳು. ನಗು ತಡೆಯಲಾರದೆ ನಾನು ಮುಖ ಮುಚ್ಚಿಕೊಂಡೆ. ಹುಡುಗ ಅಳುತ್ತಿದ್ದಾನೆಂದು ಊರಲ್ಲಿ ಸುದ್ದಿಯಾಯಿತು.

ಬಂದವರಿಗೆಲ್ಲ ಚಿಕ್ಕಪ್ಪ ಒಂದೇ ಮಾತು ಹೇಳುತ್ತಿದ್ದರು. “ಅಂಥಾ ಸೊಪ್ಪು ನೋಡಿನೂ ಪ್ರೈಜ್ ಕೊಡ್ಲಿಲ್ಲ ಅಂದ್ರೆ, ಆ ಬೆಂಗಳೂರೋರಿಗೆ ಏನ್ ಗೊತ್ತಾಗ್ತದೆ ಹೇಳಿ.”

ಮೂರನೇ ದಿನ ಊಟ. ಮಾಲೂರಿನ ಗೆಳೆಯನಿಗೂ ಕರೆ ಹೋಗಿತ್ತು. ಚಿಕ್ಕಪ್ಪ ತಾವೇ ಪಾಯಸ ಬಡಿಸುತ್ತ ಮತ್ತೆ ಅದೇ ಮಾತು ಎತ್ತಿದರು. ಬಾಯ್ತುಂಬ ಒಬ್ಬಟ್ಟು ತುಂಬಿಕೊಂಡಿದ್ದ ಗೆಳೆಯ ಹೇಳಿಯೇಬಿಟ್ಟ. “ಅಂಕಲ್, ಸೊಪ್ಪು ಚೆನ್ನಾಗಿದ್ದಿದ್ದೇ ಎಡವಟ್ಟಾಗಿದ್ದು. ಒಂದು ರೋಗದ ಎಲೆ ಇದ್ದಿದ್ರೆ ಸಾಕಾಗಿತ್ತು.” ನಾನು ಅವನ ತೊಡೆ ಚಿವುಟುವಷ್ಟರಲ್ಲಿ ಮಾತು ಹೊರಗೆ ಬಂದಾಗಿತ್ತು.

ಚಿಕ್ಕಪ್ಪ ಸೌಟನ್ನು ಪಾತ್ರೆಯೊಳಗೆ ಇಟ್ಟರು. “ನನ್ನಿಂದ ಸೋತ್ಯಾ?”

“ಹಾಗೇನಿಲ್ಲ ಚಿಕ್ಕಪ್ಪ.”

“ಹೇಳ್ಲಿಲ್ವಲ್ಲೋ” ಎಂದರು, ಅಷ್ಟೇ. ಅವತ್ತು ಅವರು ಉಣ್ಣಲಿಲ್ಲ. ಚಿಕ್ಕಮ್ಮನೂ ಗದರಲಿಲ್ಲ. ಯಾರ ಸೋಲಿಗೂ ಮದ್ದು ಬಲ್ಲ ಮನುಷ್ಯ ತೋಟದ ಕಡೆ ಒಬ್ಬರೇ ನಡೆದುಹೋದರು.

ಮಾರನೇ ಬೆಳಿಗ್ಗೆ, “ಬಾರೋ, ಫೋನ್ ತಗೊಂಡು ಬಾ” ಎಂದು ಕರೆದುಕೊಂಡು ಹೊರಟರು. ಹಾಲಿನ ಡೇರಿಯ ಮುಂದೆ ಆಗಲೇ ಕ್ಯಾನು ಹಿಡಿದವರ ಸಾಲು ನಿಂತಿತ್ತು; ಅರ್ಧ ಊರೇ ಅಲ್ಲಿತ್ತು. ಚಿಕ್ಕಪ್ಪ ತಮ್ಮ ಕ್ಯಾನನ್ನು ಕೆಳಗಿಟ್ಟು, ಟವೆಲಿನ ಒಳಗಿಂದ ಒಂದು ಎಲೆ ತೆಗೆದು ಹಿಂದುಮುಂದಾಗಿ ತಿರುಗಿಸಿದರು. ಅಡಿಭಾಗದ ತುಂಬ ಬಿಳಿ ಪುಡಿ.

“ನಮ್ಮ ತೋಟದ್ದೇ” ಎಂದರು ಸಾಲಿನ ಕಡೆ ನೋಡುತ್ತ. “ಬಾವಿ ಪಕ್ಕದ ಸಾಲು ಪೂರ್ತಿ ಹಿಂಗೇ ಆಗೈತೆ. ಹುಡುಗ ಮಾಡಿರೋದು ಇದಕ್ಕೇ. ನೋಡಿ ಎಲ್ಲರೂ. ತೆಗಿಯೋ ಫೋಟೋ.”

ನಾನು ತೆಗೆದೆ. “ಚಿತ್ರ ಸ್ಪಷ್ಟವಾಗಿಲ್ಲ” ಎಂದಿತು ಆ್ಯಪ್. ಮತ್ತೆ ತೆಗೆದೆ, ಮತ್ತೆ ಅದೇ. ಇಲ್ಲೂ ಮಾನ ಕಳೆಯಿತಲ್ಲ ಎಂದುಕೊಂಡು ಎಲೆಯ ಕಡೆ ನೋಡಿದರೆ, ಅದು ಅದುರುತ್ತಿತ್ತು. ಚಿಕ್ಕಪ್ಪನ ಕೈ ನಡುಗುತ್ತಿತ್ತು.

ಎಡಗೈಯಿಂದ ಅವರ ಮಣಿಕಟ್ಟು ಹಿಡಿದುಕೊಂಡು ಬಲಗೈಯಿಂದ ಒತ್ತಿದೆ. ಉತ್ತರ ಬಂತು. ಓದಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಫೋನು ಇಸಿದುಕೊಂಡು, ಕಣ್ಣಿನಿಂದ ದೂರ ಹಿಡಿದು, ಸಾಲಿನ ಕೊನೆಯಲ್ಲಿ ನಿಂತವರಿಗೂ ಕೇಳುವಂತೆ ಓದಿದರು: “ಬೂದಿ ರೋಗ.”