ಮಾವ ತಿನ್ನುವುದಿಲ್ಲ, ರುಚಿ ನೋಡುತ್ತಾರೆ

ನನ್ನ ಸೋದರಮಾವ ಇಪ್ಪತ್ತು ವರ್ಷಗಳಿಂದ ಸಿಹಿ ತಿಂದಿಲ್ಲ. ನಂಬಿ! ಅವರು ತಿನ್ನುವುದಿಲ್ಲ, ರುಚಿ ಮಾತ್ರ ನೋಡುತ್ತಾರೆ.

ಮುಲುಂಡ್ ಸ್ಟೇಷನ್ ಬಳಿ ಅವರದೊಂದು ಉಡುಪಿ ಹೋಟೆಲ್. ಬೆಳಗಿನ ಶಿರಾ ಒಲೆಯಿಂದ ಇಳಿದೊಡನೆ ಅಡುಗೆ ಭಟ್ಟರು ಮಾವನ ಅಂಗೈಗೆ ಒಂದು ಸೌಟು ಹಾಕಬೇಕು. ಮಾವ ಕಣ್ಣು ಮುಚ್ಚಿ ಚಪ್ಪರಿಸಿ "ಹ್ಞೂಂ" ಅಂದರೆ ಮಾತ್ರ ಅದು ಗಿರಾಕಿಯ ತಟ್ಟೆಗೆ. ಆಮೇಲೆ ಬಾದಾಮಿ ಹಾಲು, ಆಮೇಲೆ ಜಿಲೇಬಿ. ಸಕ್ಕರೆ ಕಾಯಿಲೆಯ ಮಾತೆತ್ತಿದರೆ ನನಗೇ ಗದರಿಕೆ: "ಎಂತ ಮಾರಾಯ್ತಿ, ಡ್ಯೂಟಿ ಮಾಡುದು ತಿಂದ ಹಾಗಾ?"

ಮಂಡಿ ಸವೆದು ಗಲ್ಲಾದಿಂದ ಏಳಲಾಗದೆ ಹೋದಾಗ ಮಂಡಿ ಬದಲಿಸುವ ಆಪರೇಷನ್ ನಿಶ್ಚಯವಾಯಿತು. ಮೊದಲು ಸಕ್ಕರೆ ಡಾಕ್ಟರು ಒಪ್ಪಲಿ ಎಂದರು ಮೂಳೆ ಡಾಕ್ಟರು. ಮಾವ ಮೂರು ದಿನ ಹಾಗಲಕಾಯಿ ಪಲ್ಯ ತಿಂದು, ಗೆದ್ದವರ ಹಾಗೆ ರಕ್ತ ಕೊಟ್ಟು ಬಂದರು. ಆದರೆ ಆ ಟೆಸ್ಟಿನಲ್ಲಿ ಕಾಣುವುದು ಮೂರು ತಿಂಗಳ ಸಕ್ಕರೆ!

"ಹಳೇದೆಲ್ಲ ಕೆದಕ್ಲಿಕ್ಕೆ ಇವರೆಂತ ಪೊಲೀಸರಾ?" ಎಂದು ಮಾವ ಸಿಡಿಮಿಡಿಗೊಂಡರು. ಆಪರೇಷನ್ ಮುಂದೆ ಹೋಯಿತು. ಪಥ್ಯ ಹೇಳಲು ಒಬ್ಬರು, ಇನ್ಸುಲಿನ್ ಕಲಿಸಲು ಇನ್ನೊಬ್ಬರು. ಹುಳುಕು ಹಲ್ಲಿನಿಂದಲೂ ಹೊಸ ಮಂಡಿಗೆ ಸೋಂಕು ಇಳಿಯಬಹುದಂತೆ, ಅದಕ್ಕೊಬ್ಬ ಹಲ್ಲಿನ ಡಾಕ್ಟರು! "ಒಂದು ಮಂಡಿಗೆ ಇಷ್ಟು ಸ್ಟಾಫಾ? ನನ್ನ ಹೋಟ್ಲಲ್ಲೇ ಇಲ್ಲ" ಎಂದು ಗೊಣಗುತ್ತಲೇ ಮಾವ ಹೇಗೋ ಪಾಸಾದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಮಾತ್ರ ಸಕ್ಕರೆ ಸರ್ರನೆ ಏರಿತು. ನರ್ಸ್ ಸೊಂಟಕ್ಕೆ ಕೈಯಿಟ್ಟು, "ಕಾಕಾ, ಕಾಯ್ ಖಾಲ್ಲಂ?" ಎಂದು ಕೇಳಿದಳು. ಏನು ತಿಂದಿರಿ ಅಂತ.

"ಕಾಹೀ ನಾಹೀ!" ಏನೂ ಇಲ್ಲ ಎಂದರು ಮಾವ, ಪರಮ ಸತ್ಯವಂತರ ಮುಖ ಮಾಡಿ.

ಮರುದಿನ ಬೆಳಿಗ್ಗೆ ನಾನು ಸ್ವಲ್ಪ ಬೇಗ ಹೋದೆ. ನೋಡಿದರೆ ಮಂಚದ ಪಕ್ಕದಲ್ಲಿ ಸ್ಟೀಲ್ ಡಬ್ಬಿ ಹಿಡಿದ ಭಟ್ಟರು, ಮಾವನ ಅಂಗೈಯಲ್ಲಿ ಬಿಸಿ ಶಿರಾ! ನಾನು ಕಿರುಚಿದೆ. ಭಟ್ಟರು ಕಂಗಾಲಾಗಿ, "ಅಣ್ಣ ಹ್ಞೂಂ ಅನ್ನದೆ ಬಡಿಸುದು ಹೇಗೆ, ನೀವೇ ಹೇಳಿ?" ಎಂದರು. ದಿನಾ ಆಟೋ ಹಿಡಿದು ಬರುತ್ತಿದ್ದರಂತೆ.

ಅಂದೇ ಗಾಯ ಒದ್ದೆಯಾಗಿ ಕಂಡಿತು. ಮೂಳೆ ಡಾಕ್ಟರು, ಸಕ್ಕರೆ ಡಾಕ್ಟರು ಇಬ್ಬರೂ ಒಟ್ಟಿಗೇ ಬಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸಕ್ಕರೆ ಏರಿದರೆ ಗಾಯ ಮಾಯುವುದಿಲ್ಲ, ಸೋಂಕು ಒಳಗಿಳಿದರೆ ಹೊಸ ಮಂಡಿಯನ್ನೇ ತೆಗೆಯಬೇಕಾದೀತು ಎಂದಷ್ಟೇ ಹೇಳಿದರು.

ಸೋಂಕು ಒಳಗಿಳಿಯಲಿಲ್ಲ, ಮಂಡಿ ಉಳಿಯಿತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಆ ಸಂಜೆ ಅದು ನಮಗೆ ಗೊತ್ತಿರಲಿಲ್ಲ. ಗಾಯ ಬಿಚ್ಚಿ ತೊಳೆಯಬೇಕೆಂದು ನರ್ಸ್ ಒಪ್ಪಿಗೆಯ ಕಾಗದ ತಂದಳು. ಮಾವ ಅದನ್ನು ಮುಟ್ಟದೆ ಗೋಡೆಯತ್ತ ಮುಖ ತಿರುಗಿಸಿದ್ದನ್ನು ಕಂಡು ನನ್ನತ್ತ ಚಾಚಿದಳು. ಮದುವೆಯಾಗದ ಮಾವನಿಗೆ ನನ್ನನ್ನು ಬಿಟ್ಟರೆ ಯಾರಿದ್ದಾರೆ? ನಾನು ಪೆನ್ನು ತೆಗೆದೆ.

ಮಾವ ನನ್ನ ಮಣಿಕಟ್ಟು ಹಿಡಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

"ಅಪ್ಪನಿಗೂ ಸಕ್ಕರೆಯೇ. ಕಾಲು ತೆಗೀಲಿಕ್ಕೆ ಸಹಿ ಹಾಕಿದ್ದು ನಾನು. ಹದಿನೆಂಟು ವರ್ಷ ನಂಗೆ. ಆಮೇಲೆ ಸಾಯುವವರೆಗೂ ಅಪ್ಪ ನನ್ನ ಹತ್ರ ಮಾತಾಡ್ಲಿಲ್ಲ."

ಪೆನ್ನು ಕಿತ್ತುಕೊಂಡರು.

"ನೀನು ಹಾಕುದು ಬೇಡ ಮಗಾ. ನನ್ನ ಕಾಲು, ನಾನೇ ಹಾಕ್ತೇನೆ."