ಸಾಹೇಬರು ಇಟ್ಟ ಬತ್ತಿ

"ಮೇಣ ಕರಗಿಸೋದು, ಗಾಜಿನ ಲೋಟಕ್ಕೆ ಸುರಿಯೋದು, ನಡುವೆ ಒಂದು ಮರದ ಚೂರು ನಿಲ್ಲಿಸೋದು. ಇಷ್ಟು ಮಾಡೋಕೆ ಆಕಾಶದಿಂದ ಯಾರಾದ್ರೂ ಇಳಿದು ಬರಬೇಕಾ?"

ಹೀಗೆಂದು ಸರ್ವೇಯರ್ ಸಾಹೇಬರು ಶನಿವಾರ ಮಧ್ಯಾಹ್ನ ಅಡುಗೆಮನೆಯ ಗೋಡೆಗೆ ಸವಾಲು ಹಾಕಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಸಾಹೇಬರು ಆ ಮಾತನ್ನೂ ಆಡುತ್ತಿರಲಿಲ್ಲ, ಆ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ.

ಸಾಹೇಬರು ಜಮೀನು ಅಳೆಯುವ ಸರ್ವೇಯರ್ ಅಲ್ಲ, ವಿಮಾ ಕಂಪನಿಯವರು. ಎಲ್ಲಾದರೂ ಬೆಂಕಿ ಬಿದ್ದರೆ, ಅದು ಪೂರ್ತಿ ಆರಿತು ಎಂದು ಖಚಿತವಾದ ಮೇಲೆ ಧೈರ್ಯವಾಗಿ ಒಳಗೆ ಹೋಗಿ, ಸುಟ್ಟ ಸೋಫಾದ ಸುತ್ತ ಗಂಭೀರವಾಗಿ ಓಡಾಡಿ, ನಷ್ಟ ಎಷ್ಟು, ತಪ್ಪು ಯಾರದು ಎಂದು ವರದಿ ಬರೆಯುವವರು. ತಪ್ಪು ಯಾರದು ಎಂಬ ಪ್ರಶ್ನೆಗೆ ಅವರ ಇಡೀ ಸರ್ವೀಸಿನಲ್ಲಿ ಒಂದೇ ಉತ್ತರ: 'ಮನೆಯವರ ಅಜಾಗರೂಕತೆ.' ಆ ಎರಡು ಪದ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಸಿಡಿಲು ಬಡಿದ ಗೋದಾಮಿನ ವರದಿಯಲ್ಲೂ ಅದನ್ನೇ ಬರೆದು ಮೇಲಧಿಕಾರಿಯಿಂದ ಬೈಸಿಕೊಂಡಿದ್ದರು.

ಹೆಂಡತಿಯ ತವರಿನ ಕಿರಿಯರೆಲ್ಲ ಸೇರಿ ಅವರಿಗೆ ಇನ್ನೊಂದು ಬಿರುದು ಕೊಟ್ಟಿದ್ದರು: ಬತ್ತಿ ಭಾವ. ಅದಕ್ಕೂ ದೀಪಕ್ಕೂ ಸಂಬಂಧವಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿ ಉರಿ ಹತ್ತಿಸುವುದಕ್ಕೆ ಬತ್ತಿ ಇಡುವುದು ಅನ್ನುತ್ತಾರಲ್ಲ, ಆ ಬತ್ತಿ. ಪಾಪ, ಸಾಹೇಬರು ಬೇಕೆಂದು ಇಡುವವರಲ್ಲ. ಅವರ ಮನಸ್ಸಿಗೂ ಬಾಯಿಗೂ ನಡುವೆ ದೇವರು ಬಾಗಿಲು ಇಡುವುದನ್ನು ಮರೆತಿದ್ದ, ಅಷ್ಟೇ.

ಅವರು ಇಟ್ಟ ಬತ್ತಿಗಳಲ್ಲೆಲ್ಲ ದೊಡ್ಡದು ಪರದೆಯ ಬತ್ತಿ. ಸಾಹೇಬರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಹೆಂಡತಿಯ ಅಕ್ಕ, ಅಂದರೆ ಸಾಹೇಬರ ಅತ್ತಿಗೆ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅತ್ತಿಗೆ ತಮ್ಮ ಮನೆಗೆ ತಿಳಿ ಹಸಿರು ಬಣ್ಣದ ಹೊಸ ಪರದೆ ಹಾಕಿಸಿದ್ದರು. ನೋಡಿ ಬಂದ ತಂಗಿ ಗಂಡನ ಹತ್ತಿರ ಗುಟ್ಟಾಗಿ, ಥೇಟ್ ನಮ್ಮ ವಾರ್ಡಿನ ಪರದೆ ಕಂಡ ಹಾಗಿತ್ತು ಅಂದಿದ್ದಳು. ಮುಂದಿನ ಸಲ ಊಟಕ್ಕೆ ಹೋದಾಗ ಸಾಹೇಬರು ಅತ್ತಿಗೆಯನ್ನು ಹೊಗಳಲು ಹೊರಟರು. "ಇವಳು ಆಸ್ಪತ್ರೆ ಥರ ಇದೆ ಅಂತಾಳೆ ಅತ್ತಿಗೆ. ನನಗೇನೋ ಚೆನ್ನಾಗೇ ಕಾಣ್ಸುತ್ತಪ್ಪ!"

ಆ ಊಟ ಮುಗಿದದ್ದೇ ಕೊನೆ. ಅಕ್ಕತಂಗಿಯರು ಮಾತು ಬಿಟ್ಟರು. ದಿನಕ್ಕೆರಡು ಸಲ ಫೋನಿನಲ್ಲಿ ನಗುತ್ತಿದ್ದವರು ವರ್ಷವಾದರೂ ಒಬ್ಬರ ಸುದ್ದಿ ಒಬ್ಬರು ಕೇಳಲಿಲ್ಲ. ಹೆಂಡತಿ ಗಂಡನನ್ನು ಬೈದು ಮುಗಿಸಿದ ಮೇಲೆ ಸುಮ್ಮನಾಗಿಬಿಟ್ಟಳು. ಬೈಗುಳವನ್ನು ಸಾಹೇಬರು ತಡೆದುಕೊಂಡಿದ್ದರು, ಈ ಸುಮ್ಮನಿರುವುದನ್ನು ತಡೆದುಕೊಳ್ಳುವುದು ಅವರಿಗೆ ಕಷ್ಟವಾಯಿತು.

ಹೀಗಿರುವಾಗ ಅತ್ತಿಗೆಯಿಂದ ಒಂದು ಪಾರ್ಸೆಲ್ ಬಂತು. ಒಳಗೆ ದಪ್ಪ ಗಾಜಿನ ಲೋಟದಲ್ಲಿ ಒಂದು ಮೇಣದ ಬತ್ತಿ. ಅದಕ್ಕೆ ದಾರದ ಬತ್ತಿಯಿಲ್ಲ. ಬದಲಿಗೆ ಕಾಗದದಷ್ಟು ತೆಳ್ಳಗಿನ, ಚಪ್ಪಟೆಯಾದ ಮರದ ಪಟ್ಟಿ! ಡಬ್ಬಿಯ ಮೇಲೆ 'ದೇವದಾರು ಮತ್ತು ಹಳೆಯ ಪುಸ್ತಕ' ಎಂದು ಬರೆದಿತ್ತು, ಅದು ಅದರ ಪರಿಮಳವಂತೆ. ಹಳೆಯ ಪುಸ್ತಕದ ವಾಸನೆಗೂ ಜನ ದುಡ್ಡು ಕೊಡುವುದಾದರೆ ತಮ್ಮ ಆಫೀಸಿನ ಕಡತದ ಕೋಣೆಯನ್ನು ಯಾರಾದರೂ ಕೊಳ್ಳಬಾರದೇ ಎಂದು ಸಾಹೇಬರಿಗೆ ಅನ್ನಿಸಿತು. ಅವತ್ತು ಸಂಜೆ ಅತ್ತಿಗೆಯ ಫೋನೂ ಬಂತು. ಸ್ವಲ್ಪ ಬಿಡುವಾಗಲಿ, ನಾನೇ ಬರುತ್ತೇನೆ, ಅಲ್ಲಿಯವರೆಗೆ ಹಚ್ಚಬೇಡ, ಇಬ್ಬರೂ ಕೂತು ಹಚ್ಚೋಣ ಅಂದರಂತೆ. ಹೆಂಡತಿ ಡಬ್ಬಿಯನ್ನು ಬೀರುವಿನ ಮೇಲಿನ ಖಾನೆಯಲ್ಲಿಟ್ಟು, ಇದನ್ನು ಮುಟ್ಟಿದರೆ ನೋಡಿ ಎಂದು ಗಂಡನಿಗೆ ಬೆರಳು ತೋರಿಸಿದಳು.

ಮುಟ್ಟಬೇಡಿ ಎಂದು ಹೇಳದೇ ಇದ್ದಿದ್ದರೆ ಸಾಹೇಬರಿಗೆ ಅದರ ನೆನಪೂ ಆಗುತ್ತಿರಲಿಲ್ಲ. ಮರುದಿನದಿಂದ ಹೆಂಡತಿಗೆ ಸಂಜೆ ಪಾಳಿ. ಒಬ್ಬರೇ ಕೂತಿದ್ದಾಗ ಕರ್ತವ್ಯಪ್ರಜ್ಞೆ ಜಾಗೃತವಾಯಿತು. ಮರಕ್ಕೇ ಬೆಂಕಿ ಹಚ್ಚುವ ವಸ್ತು ಮನೆಯಲ್ಲಿರುವಾಗ ಅದು ಅಪಾಯವೋ ಅಲ್ಲವೋ ಎಂದು ತಮ್ಮಂಥ ಅಧಿಕಾರಿ ಪರೀಕ್ಷಿಸದಿದ್ದರೆ ಇನ್ಯಾರು ಪರೀಕ್ಷಿಸಬೇಕು? ಹಚ್ಚಿದರು. ಆ ಮರದ ಬತ್ತಿ ಸುಮ್ಮನೆ ಉರಿಯಲಿಲ್ಲ, ಚಟ್, ಚಿಟ್, ಚಟಪಟ ಎಂದು ಸದ್ದು ಮಾಡುತ್ತಾ ಉರಿಯಿತು. ಜೀವನವಿಡೀ ಆರಿದ ಬೆಂಕಿಯನ್ನೇ ನೋಡಿದ ಸಾಹೇಬರಿಗೆ ಉರಿಯುವ ಬೆಂಕಿ ಇಷ್ಟು ಮುದ್ದಾಗಿರುತ್ತದೆಂದು ಗೊತ್ತೇ ಇರಲಿಲ್ಲ. ಕುರ್ಚಿಗೆ ಒರಗಿದವರು ಹೆಂಡತಿಯ ಸ್ಕೂಟರಿನ ಸದ್ದು ಕೇಳಿದ ಮೇಲೇ ಎದ್ದದ್ದು.

ಪರೀಕ್ಷೆ ಒಂದೇ ದಿನಕ್ಕೆ ಮುಗಿಯಲಿಲ್ಲ. ಇವತ್ತೊಂದು ದಿನ, ನಾಳೆಯಿಂದ ಇಲ್ಲ ಎಂದು ಪ್ರತಿ ಸಂಜೆಯೂ ಹಚ್ಚಿದರು. ಏನಿದು, ಮನೆ ಘಮ್ ಅಂತಿದೆ ಎಂದು ಹೆಂಡತಿ ಕೇಳಿದಾಗ ಆಫೀಸಿನಲ್ಲಿ ಹೊಸ ರೂಮ್ ಫ್ರೆಶ್ನರ್ ಹಾಕಿದ್ದಾರೆ, ಬಟ್ಟೆಗೆಲ್ಲ ಹತ್ತಿಕೊಂಡು ಬರುತ್ತದೆ ಎಂದು ಸುಳ್ಳು ಹೇಳಿದರು. ಒಂದು ಸಂಜೆ ಚಟಪಟ ನಿಂತಿತು. ಬಗ್ಗಿ ನೋಡಿದರೆ ಲೋಟದ ತಳದಲ್ಲಿ ಬತ್ತಿ ಹಿಡಿದು ನಿಲ್ಲಿಸುವ ತಗಡಿನ ಬಿಲ್ಲೆಯೊಂದೇ ಉಳಿದಿತ್ತು. ಮಾರನೆಯ ದಿನವೇ ಹೆಂಡತಿ ನಗುನಗುತ್ತಾ ಸುದ್ದಿ ತಂದಳು: ಅಕ್ಕ ಈ ಭಾನುವಾರ ಬರುತ್ತಾಳೆ!

ಡಬ್ಬಿಯ ಮೇಲೆ ಹೆಸರಿದ್ದ ಅಂಗಡಿಗೆ ಸಾಹೇಬರು ಓಡಿದರು. ಆ ಪರಿಮಳದ್ದು ಈಗ ಬರುತ್ತಿಲ್ಲ ಎಂದು ಅಂಗಡಿಯ ಹುಡುಗಿ ಕೈಯಲ್ಲಾಡಿಸಿದಳು. ಹಾಗಾಗಿ ಶನಿವಾರ ಹೆಂಡತಿ ಕೆಲಸಕ್ಕೆ ಹೊರಟದ್ದೇ ತಡ, ಖಾಲಿ ಲೋಟ ಮುಂದಿಟ್ಟುಕೊಂಡು ಸಾಹೇಬರು ಗೋಡೆಗೆ ಸವಾಲು ಹಾಕಿದ್ದು.

ಬೀದಿ ಕೊನೆಯ ಅಂಗಡಿಯಿಂದ ತಂದ ಸಾಧಾರಣ ಮೇಣದ ಬತ್ತಿಗಳನ್ನೆಲ್ಲ ಹಾಲಿನ ಪಾತ್ರೆಗೆ ಹಾಕಿ, ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದರು. ದಾರಗಳನ್ನು ಇಕ್ಕಳದಿಂದ ಎತ್ತಿ ಎಸೆದರು. ಅಲ್ಲಿಗೆ ಮೇಣ ಸಿದ್ಧ. ಪರಿಮಳಕ್ಕೆ ಏನು ಮಾಡುವುದು? ಹೆಂಡತಿಯ ಸೆಂಟನ್ನು ಸುರಿದು ನೋಡಿದರೆ ಅದು ಬುಸ್ ಎಂದು ಹಾರಿಹೋಯಿತು. ಔಷಧಿ ಡಬ್ಬಿಯಲ್ಲಿ ನೋವಿನ ಮುಲಾಮು ಕಂಡಿತು. ಅದೂ ಮೇಣದ ಜಾತಿಯದೇ, ಹಾಕಿದೊಡನೆ ಸಲೀಸಾಗಿ ಬೆರೆತುಕೊಂಡಿತು. ಸೀಸೆ ಪೂರ್ತಿ ಖಾಲಿ ಮಾಡಿದರು. ದೇವದಾರು ಬರದಿದ್ದರೂ ಬಂದವರ ನೆಗಡಿಯಾದರೂ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡರು.

ಉಳಿದದ್ದು ಬತ್ತಿ. ಐಸ್‌ಕ್ರೀಮ್ ಕಡ್ಡಿ ಹಚ್ಚಿ ನೋಡಿದರು. ಅದು ಪಂಜಿನ ಹಾಗೆ ಭಗ್ಗೆಂದು ಉರಿದು, ಹೊಗೆ ಕಾರಿ ಸತ್ತಿತು. ಆಗ ತಮ್ಮ ಚೀಲದಲ್ಲಿ ಬಿದ್ದಿದ್ದ ಮರದ ಪಟ್ಟಿ ನೆನಪಾಯಿತು. ಪ್ಲೈವುಡ್ ಕಂಪನಿಯ ಏಜೆಂಟನೊಬ್ಬ ಆಫೀಸಿಗೆ ಬಂದು, ಮಾದರಿಗೆಂದು ಅದನ್ನು ಕೊಟ್ಟು, ಅದರ ಗುಣಗಾನ ಮಾಡಿ ಹೋಗಿದ್ದ. ಊಟದ ನಂತರದ ಹೊತ್ತಾದ್ದರಿಂದ ಸಾಹೇಬರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ್ದರು. ಈಗ ತೆಗೆದು ನೋಡಿದರೆ ಏನು ನಯ, ಏನು ಅಂದ! ಮೊದಲಿನ ಬತ್ತಿಯಷ್ಟೇ ತೆಳು, ಅಷ್ಟೇ ಅಗಲ. ಹಿಂಬದಿಯಲ್ಲಿ ಏನೋ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಸಣ್ಣಕ್ಷರ ಓದುವುದು ಪಾಲಿಸಿ ಕೊಂಡವರ ಕೆಲಸ, ಕಂಪನಿಯವರದ್ದಲ್ಲ. ಇದ್ದದ್ದು ಒಂದೇ ಪಟ್ಟಿ, ಹಚ್ಚಿ ನೋಡಿ ಯಾಕೆ ಹಾಳು ಮಾಡಬೇಕು ಎಂದು ಹಾಗೇ ಬಿಲ್ಲೆಗೆ ಸಿಕ್ಕಿಸಿ, ಸುತ್ತ ಮೇಣ ಸುರಿದು, ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಬೇಗ ಆರಲಿ ಎಂದು ಲೋಟವನ್ನು ನಡುಮನೆಯ ಕಿಟಕಿಯ ಬಳಿ ಇಟ್ಟು, ಪಾತ್ರೆಯಲ್ಲಿ ಉಳಿದ ಮೇಣವನ್ನು ಅಲ್ಲೇ ಮೇಲಿಷ್ಟು ತುಂಬಲು ಹೊರಟವರು ಕಾಲೊರಸಿನ ಮೇಲೆ ಜಾರಿದರು. ಲೋಟ ಉಳಿಯಿತು, ಪಾತ್ರೆಯ ಮೇಣವೆಲ್ಲ ಕಿಟಕಿಯ ಪರದೆಗೆ ಅಭಿಷೇಕವಾಯಿತು. ಮೇಲೆ ಕಾಗದ ಹಾಸಿ ಇಸ್ತ್ರಿ ಮಾಡಿದರೆ ಮೇಣ ಬಿಡುತ್ತದೆಂದು ಎಲ್ಲೋ ಕೇಳಿದ್ದರು. ಕೈಗೆ ಸಿಕ್ಕಿದ್ದು ದಿನಪತ್ರಿಕೆ. ಒತ್ತಿ ಒತ್ತಿ ಇಸ್ತ್ರಿ ಮಾಡಿ ಕಾಗದ ತೆಗೆದರೆ ಅರ್ಧ ಮೇಣ ಹೋಗಿತ್ತು. ಹೋದ ಜಾಗದಲ್ಲಿ ಮುಖಪುಟದ ಸುದ್ದಿಯೆಲ್ಲ ಉಲ್ಟಾ ಅಕ್ಷರದಲ್ಲಿ ಮೂಡಿ, ನಡುವೆ ಯಾವನೋ ಮಂತ್ರಿ ಅರ್ಧ ಮುಖದಲ್ಲಿ ನಗುತ್ತಿದ್ದ! ಸಾಹೇಬರು ಪರದೆಯನ್ನು ಮಂತ್ರಿಯ ಸಮೇತ ಸುತ್ತಿ ಮಂಚದ ಕೆಳಗೆ ತಳ್ಳಿ, ಕಿಟಕಿಗೆ ಒಂದು ಬಿಳಿ ಹಾಸುಬಟ್ಟೆ ಕಟ್ಟಿದರು. ಆರಿದ ಲೋಟ ಡಬ್ಬಿಗೂ ಡಬ್ಬಿ ಬೀರುವಿಗೂ ಸೇರಿತು.

ಕೆಲಸ ಮುಗಿಸಿ ಬಂದ ಹೆಂಡತಿ ಪರದೆಯೆಲ್ಲಿ ಎಂದು ಕೇಳಿದಳು. ಅತ್ತಿಗೆ ಬರುತ್ತಾರಲ್ಲ, ಒಗೆಯಲು ಕೊಟ್ಟಿದ್ದೇನೆ ಅಂದರು ಸಾಹೇಬರು. ಮುಲಾಮಿನ ವಾಸನೆ ಯಾಕೆ ಎಂದದ್ದಕ್ಕೆ, ಪರದೆ ಬಿಚ್ಚುವಾಗ ಬೆನ್ನು ಹಿಡಿದುಕೊಂಡ ಕತೆ ಹೇಳಿದರು. ಹೆಂಡತಿಗೆ ಕಣ್ಣು ತುಂಬಿ ಬಂತು. ಹೇಳದೆ ಕೇಳದೆ ಗಂಡ ಮನೆಗೆಲಸ ಮಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು.

"ಅಕ್ಕನ ಹತ್ರ ಮಾತಾಡದೆ ನಂಗೆ ಊಟ ಸೇರ್ತಿರಲಿಲ್ಲ ರೀ. ನಾಳೆ ಎಲ್ಲ ಸರಿ ಹೋದ್ರೆ ಸಾಕು. ನಿಮ್ಮ ಕೈ ಮುಗೀತೀನಿ, ನಾಳೆ ಒಂದು ದಿನ ಬತ್ತಿ ಇಡಬೇಡಿ."

"ಇಲ್ಲ ಕಣೇ, ಇಡಲ್ಲ" ಅಂದರು ಸಾಹೇಬರು. ಇಟ್ಟಾಗಿತ್ತು. ಸುಳ್ಳು ಹೇಳುವುದು ಅವರಿಗೆ ಹೊಸದಲ್ಲ, ಆದರೆ ಅವತ್ತು ಮಾತ್ರ ಎದ್ದು ಹೋಗಿ ಬೀರುವಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿ ಬಂದರು.

ಭಾನುವಾರ ಅತ್ತಿಗೆ ಬಂದರು. ಅಕ್ಕತಂಗಿಯರು ಸೋಫಾದ ಆ ತುದಿ ಈ ತುದಿಯಲ್ಲಿ ಕೂತು, ಬಸ್ಸಿನಲ್ಲಿ ಸೀಟು ಸಿಕ್ಕಿತಾ, ಸಿಕ್ಕಿತು ಎಂದು ಪರಿಚಯವಿಲ್ಲದವರ ಹಾಗೆ ಮಾತಾಡಿದರು. ಅತ್ತಿಗೆ ಕಿಟಕಿಯ ಬಿಳಿ ಬಟ್ಟೆಯನ್ನು ನೋಡಿದರು, ಮೂಗು ಅರಳಿಸಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು ಕೆಳಗಿಟ್ಟರು. ಹಾಲು ಕಾಯಿಸಿದ್ದು ಮೇಣ ಕರಗಿಸಿದ ಅದೇ ಪಾತ್ರೆಯಲ್ಲಿ.

ಹೆಂಡತಿ ಡಬ್ಬಿ ತಂದು ತೆರೆದಳು. ಮೇಣದ ನಡುವೆ ಗುಂಡಿ ಬಿದ್ದಿತ್ತು, ಬತ್ತಿ ಒಂದು ಕಡೆಗೆ ವಾಲಿತ್ತು, ಕೋಣೆಯಲ್ಲಿ ಮುಲಾಮು ಇನ್ನಷ್ಟು ಹರಡಿತು. ಇಟ್ಟಷ್ಟೂ ಪರಿಮಳ ಪಕ್ವವಾಗುತ್ತದೆ ಎಂದು ಸಾಹೇಬರು ಯಾರೂ ಕೇಳದಿದ್ದರೂ ವಿವರಿಸಿದರು. ಬೆಂಕಿ ವಿಷಯ, ನಾನೇ ಹಚ್ಚುತ್ತೇನೆ ಎಂದು ಕಡ್ಡಿ ಗೀರಿದರು.

ಹತ್ತಲಿಲ್ಲ. ಇನ್ನೊಂದು ಗೀರಿದರು. ಬೆರಳು ಸುಟ್ಟಿತು, ಬತ್ತಿ ಸುಡಲಿಲ್ಲ. ಗಾಳಿ ಎಂದು ಫ್ಯಾನ್ ನಿಲ್ಲಿಸಿದರು. ಕಡ್ಡಿಪೆಟ್ಟಿಗೆ ಖಾಲಿಯಾಯಿತು. ಅಡುಗೆಮನೆಯಿಂದ ಉದ್ದ ಮೂತಿಯ ಲೈಟರ್ ತಂದು ಹಿಡಿದರು. ಸುತ್ತಲಿನ ಮೇಣ ಕರಗಿ ಕೊಳವಾಯಿತು, ಸಾಹೇಬರು ಬೆವರಿ ತೊಪ್ಪೆಯಾದರು. ನಡುವೆ ಆ ಮರದ ಪಟ್ಟಿ ಮಾತ್ರ ಮಸಿ ಮೆತ್ತಿದ ಮುಖ ಹೊತ್ತು ಕದಲದೆ ನಿಂತಿತ್ತು.

ಅತ್ತಿಗೆ ಕನ್ನಡಕ ಹಾಕಿಕೊಂಡರು. ಎದುರಿಗೆ ಅಕ್ಷರವಿದ್ದರೆ ಓದದೆ ಬಿಡುವವರಲ್ಲ ಅವರು. ಎರಡು ಬೆರಳಿನಲ್ಲಿ ಬತ್ತಿಯನ್ನು ಕಿತ್ತು, ಕರವಸ್ತ್ರದಿಂದ ಒರೆಸಿ, ತರಗತಿಯಲ್ಲಿ ಪಾಠ ಓದುವ ಧ್ವನಿಯಲ್ಲಿ ಓದಿದರು: "ಬೆಂಕಿ ತಗುಲದ ಮರ. ಎಷ್ಟು ಸುಟ್ಟರೂ ಹತ್ತಿಕೊಳ್ಳುವುದಿಲ್ಲ. ಇಪ್ಪತ್ತು ವರ್ಷದ ಗ್ಯಾರಂಟಿ."

ಸಾಹೇಬರಿಗೆ ಇನ್ನು ದಾರಿಯಿರಲಿಲ್ಲ. ಮೊದಲ ಸಂಜೆಯ ಪರೀಕ್ಷೆಯಿಂದ ಹಿಡಿದು ರೂಮ್ ಫ್ರೆಶ್ನರ್, ಮುಲಾಮು, ಪರದೆಯವರೆಗೆ ಎಲ್ಲ ಒಪ್ಪಿಸಿಬಿಟ್ಟರು. ಮಂಚದ ಕೆಳಗಿನ ಮಂತ್ರಿಯನ್ನೂ ಎಳೆದು ತಂದು ತೋರಿಸಿದರು. ಹೆಂಡತಿ ಖಾಲಿ ಡಬ್ಬಿಯನ್ನು ಮುಚ್ಚಿ ಗಂಡನ ಕಡೆ ತಿರುಗಿದಳು.

"ಬೇರೆಯವರ ಮನೇಲಿ ಹೀಗಾಗಿದ್ರೆ ನಿಮ್ಮ ವರದೀಲಿ ಏನಂತ ಬರೀತಿದ್ರಿ?"

"ಮನೆಯವರ ಅಜಾಗರೂಕತೆ" ಅಂದರು ಸಾಹೇಬರು ತಲೆ ತಗ್ಗಿಸಿ.

"ಸರಿಯಾಗೇ ಇದೆ. ನಮ್ಮನೆಯವರದ್ದೇ" ಅಂದಳು. ಅಕ್ಕ ಅಷ್ಟು ಪ್ರೀತಿಯಿಂದ ಕಳಿಸಿದ್ದು ಹೀಗಾಯಿತಲ್ಲ ಎಂಬ ಸಂಕಟಕ್ಕೆ ಅಕ್ಕನ ಮುಖ ನೋಡಲೂ ಅವಳಿಗೆ ಆಗಲಿಲ್ಲ.

ಅತ್ತಿಗೆ ಬತ್ತಿಯನ್ನು ತಟ್ಟೆಯಲ್ಲಿಟ್ಟು ತಂಗಿಯ ಕಡೆ ತಿರುಗಿದರು. "ಬಂದಾಗಿಂದ ಒಂದು ಮಾತು ಬಾಯಿ ತುದೀಲೇ ಇದೆ ಕಣೇ. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯಾ ಅಂತ ಸುಮ್ನಿದ್ದೆ. ಈ ಬಿಳೀ ಬಟ್ಟೆ, ಈ ಮುಲಾಮಿನ ವಾಸನೆ..."

ತಂಗಿ ತಲೆಯೆತ್ತಿದಳು. ಕೋಣೆಯನ್ನೊಮ್ಮೆ ಸುತ್ತ ನೋಡಿದಳು. "ಥೇಟ್ ಆಸ್ಪತ್ರೆ."

"ನಿನ್ನ ವಾರ್ಡೇ!"

ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣು ಒರೆಸಿಕೊಂಡು, ಸೋಫಾದ ಒಂದೇ ತುದಿಗೆ ಬಂದು ಕೂತರು. ಆದ್ರೂ ಅಕ್ಕ, ನಿನ್ನ ಪರದೆ ನಿಜವಾಗ್ಲೂ ಹಾಗೇ ಇತ್ತು ಎಂದು ತಂಗಿ ಹೆದರದೆ ಹೇಳಿದಳು. ತಂದ ದಿನವೇ ನನಗೂ ಹಾಗೇ ಅನ್ನಿಸಿತ್ತು, ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ ಕಣೇ ಎಂದು ಅಕ್ಕ ಒಪ್ಪಿಕೊಂಡರು. ವರ್ಷದ ಮಾತೆಲ್ಲ ಒಟ್ಟಿಗೆ ಹೊರಬರತೊಡಗಿತು.

ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡುತ್ತಿದ್ದ ಸಾಹೇಬರಿಗೆ ಹೋದ ಜೀವ ಬಂತು. ಜೀವದ ಜೊತೆಗೇ ಹಳೆಯ ಬಾಯಿಯೂ ಬಂತು. ಎದೆ ಸ್ವಲ್ಪ ಮುಂದೆ ಮಾಡಿ, "ನೋಡಿದ್ರಾ ಅತ್ತಿಗೆ, ಕೊನೆಗೆ ನನ್ನಿಂದಲೇ ಅಲ್ವಾ ನೀವಿಬ್ರೂ ಒಂದಾಗಿದ್ದು?" ಅಂದರು.

"ನಿಮ್ಮಿಂದಲೇ" ಅಂದರು ಅತ್ತಿಗೆ, ಆ ಮರದ ಪಟ್ಟಿಯನ್ನು ಎತ್ತಿ ಅವರ ಕೈಗಿಡುತ್ತಾ. "ಇಷ್ಟು ವರ್ಷದಲ್ಲಿ ನೀವು ಇಟ್ಟ ಬತ್ತಿ ಹತ್ತದೇ ಇದ್ದದ್ದು ಇದೊಂದೇ ಸಲ."