ಮನೆಯವರ ಹೆಸರಿನಲ್ಲಿ ಓದಿದ ಕೊಲೆಗಳು

ನಿಮ್ಮ ಮೆಚ್ಚಿನ ಪುಸ್ತಕ ಯಾವುದು ಎಂದು ಕೇಳಿದಾಗ ನಿಜ ಹೇಳಿದವರನ್ನು ನಾನಿನ್ನೂ ಕಂಡಿಲ್ಲ. ವಯಸ್ಸು ಕೇಳಿದರೆ ಜನ ನಾಲ್ಕಾರು ವರ್ಷ ಕಡಿಮೆ ಮಾಡಿ ಹೇಳುತ್ತಾರೆ. ಪುಸ್ತಕ ಕೇಳಿದರೆ ನಾಲ್ಕಾರು ಶತಮಾನ ಹಿಂದಕ್ಕೆ ಹೋಗುತ್ತಾರೆ. ಸಿನಿಮಾದ ಮಾತು ಬಂದರೆ ಎಲ್ಲರೂ ನೋಡಿರುವುದು ಸಾಧುಸಂತರ ಚರಿತ್ರೆಯನ್ನೇ. ಹಾಗಾದರೆ ನಮ್ಮ ಸೊಲ್ಲಾಪುರದ ಥೇಟರುಗಳಲ್ಲಿ ಕತ್ತಿವರಸೆಯ ಸಿನಿಮಾಗಳು ವಾರಗಟ್ಟಲೆ ಓಡಿದ್ದು ಯಾರಿಗಾಗಿ? ಕುರ್ಚಿಗಳೇ ಸೀಟಿ ಹೊಡೆದವೇ? ಬೇರೆಯವರ ಸುದ್ದಿ ನಮಗೇಕೆ, ನನ್ನದನ್ನೇ ಹೇಳಿಬಿಡುತ್ತೇನೆ.

ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕೆಂದು ಚಹಾದಂಗಡಿಗಳಲ್ಲಿ ಕಪ್ಪು-ಬಶಿಗಳು ಒಡೆಯುತ್ತಿದ್ದ ಕಾಲ ಅದು. ನಾನು ಅಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅಂಥ ದಿನಗಳಲ್ಲಿ ಕನ್ನಡ ಮಾಸ್ತರನೆಂದರೆ ಸಾಮಾನ್ಯ ಮನುಷ್ಯನಲ್ಲ. ಇಡೀ ಭಾಷೆಯ ಮಾನ ಅವನ ಟೊಪ್ಪಿಗೆಯ ಮೇಲೆ ನಿಂತಿರುತ್ತದೆ. ಪ್ರತಿ ರವಿವಾರ ನಮ್ಮ ಹೆಡ್ ಮಾಸ್ತರರ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಕನ್ನಡಿಗರು ಸೇರುತ್ತಿದ್ದೆವು. ಅಲ್ಲಿ ಸದಭಿರುಚಿಯ ಬಗ್ಗೆ ಮಾತಾಡುವ ಗುತ್ತಿಗೆ ನನ್ನದಾಗಿತ್ತು. ಹಳಗನ್ನಡ ಕಾವ್ಯ ಓದದಿದ್ದರೆ ನನಗೆ ಅನ್ನ ಸೇರುವುದಿಲ್ಲ ಎನ್ನುತ್ತಿದ್ದೆ. ಓದುತ್ತಿರಲಿಲ್ಲ, ಅನ್ನ ಚೆನ್ನಾಗಿಯೇ ಸೇರುತ್ತಿತ್ತು. ಸಿನಿಮಾ ಹಾಡು ಗಂಟಲಿನ ರೋಗ ಎಂದೂ, ಪತ್ತೇದಾರಿ ಕಥೆ ಬುದ್ಧಿಗೆ ಹತ್ತಿದ ಗೆದ್ದಲು ಎಂದೂ ಅಪ್ಪಣೆ ಕೊಡಿಸುತ್ತಿದ್ದೆ. ಗಿರಣಿಯ ಒಬ್ಬ ಬಡ ಗುಮಾಸ್ತ ಬಾಯಿತಪ್ಪಿ ತನಗೆ ಒಂದು ಸಿನಿಮಾ ಹಾಡು ಬಹಳ ಸೇರುತ್ತದೆ ಎಂದುಬಿಟ್ಟ. ಅವನನ್ನು ನಾನು ಎಷ್ಟು ಕಾಡಿದೆನೆಂದರೆ ಮರುವಾರದಿಂದ ಅವನು ಬರುವುದನ್ನೇ ಬಿಟ್ಟ. ಒಬ್ಬನನ್ನು ತಿದ್ದಿದೆನಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ.

ಇಷ್ಟೆಲ್ಲ ಮಾತಾಡಿ ನೇರವಾಗಿ ಹೋಗುತ್ತಿದ್ದದ್ದು ಎಲ್ಲಿಗೆ? ನವಿ ಪೇಠ ಎಂಬ ಬಜಾರಿಗೆ. ಅಲ್ಲಿ ಒಂದು ಅರಿವೆ ಅಂಗಡಿಯ ಮಾಳಿಗೆಯ ಮೇಲೆ ದಾಮುಅಣ್ಣ ಎಂಬವನ ವಾಚನಾಲಯವಿತ್ತು. ಅವನಲ್ಲಿ ಮರಾಠಿ ರಹಸ್ಯಕಥೆಗಳ ಒಂದು ಕಪಾಟೇ ಇತ್ತು. ಒಂದೊಂದರ ರಟ್ಟಿನ ಮೇಲೂ ಒಂದು ಚೂರಿ, ಉರುಳಿಬಿದ್ದ ಕಂದೀಲು, ಬಾಗಿಲ ಸಂದಿಯಿಂದ ಚಾಚಿದ ಬಳೆಯ ಕೈ. ಕನ್ನಡದ ಮಾನ ಭಾಷಣದಲ್ಲಿ ಭದ್ರವಾಗಿತ್ತಲ್ಲ, ಓದಿಗೆ ಮರಾಠಿ ಕೊಲೆಯಾದರೆ ಏನಂತೆ? ತೊಂದರೆ ಒಂದೇ. ಯಾರು ಯಾವ ಪುಸ್ತಕ ಒಯ್ದರೆಂದು ಬರೆಯುವ ರಜಿಸ್ಟರು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ತೆರೆದೇ ಇರುತ್ತಿತ್ತು. ಆದ್ದರಿಂದ ನಾನು ನನ್ನ ಹೆಂಡತಿ ಚಂದ್ರಾಬಾಯಿಯನ್ನು ಸದಸ್ಯಳನ್ನಾಗಿ ಮಾಡಿದೆ. ಮನೆಯವರಿಗೆ ಇಂಥವುಗಳ ಹುಚ್ಚು, ಏನು ಮಾಡುವುದು ಎಂದು ದಾಮುಅಣ್ಣನ ಮುಂದೆ ನಿಟ್ಟುಸಿರು ಬಿಟ್ಟೆ. ಅವಳು ಕುರನೂರಿನ ಹೊಲಮನೆಯವರ ಮಗಳು. ಅಕ್ಕಲಕೋಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮರಾಠಿ ಏಳನೇ ಇಯತ್ತೆ ಓದಿದವಳು. ಮದುವೆಯಾದ ಮೇಲೆ ಪಂಚಾಂಗ ಮತ್ತು ತವರಿನ ಕಾಗದ ಬಿಟ್ಟು ಬೇರೇನನ್ನೂ ಓದಿದವಳಲ್ಲ ಎಂದು ನಾನು ನಂಬಿದ್ದೆ. ತಂದ ಪುಸ್ತಕವನ್ನು ಅಡಿಗೆಮನೆಯ ಜೋಳದ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದೆ. ಕಳ್ಳ ತನ್ನ ಗಂಟನ್ನು ಪೊಲೀಸ್ ಚೌಕಿಯಲ್ಲಿ ಅಡಗಿಸಿಟ್ಟಂತೆ ಎಂಬುದು ಆಗ ಹೊಳೆಯಲಿಲ್ಲ.

ಹೀಗೆ ಮೂರು ವರ್ಷ ನಡೆಯಿತು. ಒಂದು ದಿನ ದಾಮುಅಣ್ಣ ಮುಖವರಳಿಸಿ ನನ್ನ ಕೈಗೆ ಒಂದು ಲಕೋಟೆ ಕೊಟ್ಟ. ಅವನ ತಂಗಿ ಅಕ್ಕಲಕೋಟೆಯ ಮಹಿಳಾ ಮಂಡಳದಲ್ಲಿ ಕಾರ್ಯದರ್ಶಿಯಂತೆ. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಹೆಚ್ಚು ಓದಿದ ಹೆಣ್ಣುಮಗಳೊಬ್ಬಳನ್ನು ಕರೆದು, ತನಗೆ ಸೇರುವ ಪುಸ್ತಕ, ಸಿನಿಮಾ, ಹಾಡುಗಳ ಬಗ್ಗೆ ಮಾತಾಡಿಸಬೇಕೆಂದು ಅವರ ಆಸೆ. ದಾಮುಅಣ್ಣನ ರಜಿಸ್ಟರಿನಲ್ಲಿ ಚಂದ್ರಾಬಾಯಿಯನ್ನು ಮೀರಿಸಿದ ಹೆಂಗಸು ಇರಲಿಲ್ಲ. ನಾನು ಗಾಬರಿಯಾಗಿ, ಅವಳಿಗೆ ಜ್ವರ ಎಂದೆ.

“ಹಳದಿ-ಕುಂಕುಮ ಮುಂದಿನ ವಾರ ಐತ್ರಿ ಮಾಸ್ತರ,” ಎಂದ ದಾಮುಅಣ್ಣ. “ಅಲ್ಲೀತನಕಾ ಯಾವ ಜ್ವರಾ ಇರತೈತಿ?”

ನನ್ನ ಗಾಬರಿಗೆ ಕಾರಣವಿತ್ತು. ನಮ್ಮ ಹೆಡ್ ಮಾಸ್ತರರ ಹೆಂಡತಿಯ ತವರು ಅಕ್ಕಲಕೋಟೆ. ಸಂಕ್ರಾಂತಿಗೆ ಆಕೆ ಅಲ್ಲಿಯೇ ಇರುವವರು. ಅಲ್ಲಿ ಆಡಿದ ಮಾತು ಮರುದಿನ ಹೆಡ್ ಮಾಸ್ತರರ ಪಡಸಾಲೆಯಲ್ಲಿರುತ್ತದೆ. ಬೇರೆ ದಾರಿ ಕಾಣದೆ ಹೆಂಡತಿಯ ಮುಂದೆ ಅರ್ಧ ನಿಜ ಒಪ್ಪಿಕೊಂಡೆ. ಜನರ ಅಭಿರುಚಿ ಎಷ್ಟು ಕೆಟ್ಟಿದೆ ಎಂದು ಅಭ್ಯಾಸ ಮಾಡುವುದಕ್ಕಾಗಿ ಅಂಥ ಪುಸ್ತಕಗಳನ್ನು ತರುತ್ತಿದ್ದೆನೆಂದು ಹೇಳಿದೆ. ಅವಳು ಬೇಳೆ ಹಸನು ಮಾಡುತ್ತ, “ಹೌದೇನ್ರಿ,” ಎಂದಳು, ಅಷ್ಟೇ. ಆ ವಾರವೆಲ್ಲ ಅವಳಿಗೆ ಪಾಠ ಹೇಳಿಕೊಟ್ಟೆ. ಓದುವುದು ಹಳೆಯ ಕಾವ್ಯ, ನೋಡುವುದು ದೇವರ ಸಿನಿಮಾ, ಕೇಳುವುದು ಅಭಂಗ. ಅವಳು ಗಿಳಿಯಂತೆ ಒಪ್ಪಿಸಿದಳು. ನನ್ನ ವರ್ಗದಲ್ಲಿ ಇಂಥ ವಿದ್ಯಾರ್ಥಿ ಒಬ್ಬನೂ ಇಲ್ಲವಲ್ಲ ಎಂದು ಬೇಸರವೂ ಆಯಿತು.

ಅಕ್ಕಲಕೋಟೆಯಲ್ಲಿ ಹೆಂಗಸರೆಲ್ಲ ಒಳಗೆ ಜಮಖಾನೆಯ ಮೇಲೆ ಕೂತಿದ್ದರು. ಅವರನ್ನು ಕರೆತಂದ ನಾಲ್ಕೈದು ಗಂಡಸರಿಗೆ ಹೊರಗಿನ ಕಟ್ಟೆ. ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿಯೇ ಹೆಡ್ ಮಾಸ್ತರರ ಹೆಂಡತಿ. ಚಂದ್ರಾಬಾಯಿ ಎದ್ದು ಸೆರಗು ಸರಿಮಾಡಿಕೊಂಡು ಒಮ್ಮೆ ಕಿಟಕಿಯ ಕಡೆ ನೋಡಿದಳು.

“ನನಗ ಕೊಲಿ ಪುಸ್ತಕ ಭಾಳ ಸೇರತಾವ್ರಿ,” ಎಂದಳು. “ಕೊಲಿ ಮಾಡಿದಾಂವ ಯಾರು ಅನ್ನೂದು ನನಗ ಅರ್ಧ ಪುಸ್ತಕಕ್ಕ ತಿಳಿದುಬಿಡತೈತಿ. ಕೆಲವರಿಗೆ ಕಡೀ ಪಾನಾ ಬಂದ್ರೂ ತಿಳಿಯಂಗಿಲ್ಲ. ಹಿಂದಕ್ಕ ಹೋಗಿ ಮತ್ತ ಓದತಾರ.”

ಆ ಕೆಲವರು ಯಾರೆಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಕಟ್ಟೆಯ ಮೇಲೆ ಚಳಿಗಾಲದ ಬಿಸಿಲಿನಲ್ಲಿ ಬೆವತೆ. ಅವಳು ಒಂದಾದ ಮೇಲೊಂದು ಕಥೆಯನ್ನು ಎತ್ತಿಕೊಂಡು, ಬರೆದವನು ಎಲ್ಲಿ ಎಡವಿದ್ದಾನೆ, ಯಾವ ಸುಳಿವನ್ನು ಎಲ್ಲಿ ಮರೆತಿದ್ದಾನೆ ಎಂದು ಬಿಡಿಸಿಟ್ಟಳು. ರವಿವಾರದ ನನ್ನ ಭಾಷಣಕ್ಕೆ ಆಕಳಿಸುವ ಜನರನ್ನು ಕಂಡ ನನಗೆ, ಬಾಯಿ ತೆರೆದು ಕೇಳುವ ಜನರನ್ನು ಕಂಡು ಹೊಟ್ಟೆ ಉರಿಯಿತು. ಆಮೇಲೆ ಅವಳು ನನ್ನ ಮೇಲೆ ಕೃಪೆ ಮಾಡಿದಳು.

“ನಮ್ಮ ಮನಿಯವರು ಇಂಥಾವು ಮುಟ್ಟಂಗಿಲ್ರಿ. ಅವರದೆಲ್ಲಾ ದೊಡ್ಡ ದೊಡ್ಡ ಗ್ರಂಥ. ಆದ್ರೂ ನನ್ನ ಸಲುವಾಗಿ ಪೇಠಿಗೆ ಹೋಗಿ ತಂದು ಜ್ವಾಳದ ಡಬ್ಬಿ ಹಿಂದ ಇಡತಾರ.”

ಹೆಂಗಸರೆಲ್ಲ ಕಿಟಕಿಯತ್ತ ತಿರುಗಿ, ಇಂಥ ಗಂಡ ಪುಣ್ಯವಿದ್ದರೆ ಸಿಗುತ್ತಾನೆ ಎಂಬಂತೆ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ನಾಚಿಕೆಯಾಗಬೇಕಾದಲ್ಲಿ ವಿನಯ ತಂದುಕೊಳ್ಳುವುದು ನಮ್ಮ ಕಸುಬಿನಲ್ಲಿ ಬೇಗ ಬರುತ್ತದೆ. ಅಷ್ಟರಲ್ಲಿ ಯಾರೋ ಒಂದು ಹಾಡು ಹೇಳೆಂದರು. ಅವಳು ಕಲಿತಿದ್ದ ಅಭಂಗ ಬಿಟ್ಟು ಒಂದು ಹಿಂದಿ ಸಿನಿಮಾ ಹಾಡು ಎತ್ತಿಕೊಂಡಳು. ‘ಚಾಂದನಿ’ ಬರಬೇಕಾದ ಕಡೆ ‘ಚಟ್ನಿ’ ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಹೆಡ್ ಮಾಸ್ತರರ ಹೆಂಡತಿ ಅದು ಬೆಳದಿಂಗಳವ್ವಾ ಎಂದು ತಿದ್ದಿದರು. ದಿನಾ ಸ್ನಾನ ಮಾಡುತ್ತ ಆ ಹಾಡು ಹಾಡಿಕೊಳ್ಳುವವನು ನಾನೇ. ನಮ್ಮ ಮನೆಯ ಬಚ್ಚಲಿನಿಂದ ಹಂಗೇ ಕೇಳಿಸುತ್ತದೆ ಎಂದು ಚಂದ್ರಾಬಾಯಿ ಹೇಳುತ್ತಾಳೇನೋ ಎಂದು ನಾನು ಕಿಟಕಿಯಿಂದ ಹಿಂದೆ ಸರಿದೆ. ಅವಳು, ಓಣಿಯ ರೇಡಿಯೋ ಹಳೆಯದು, ಹಂಗ ಕೇಳಿಸತೈತಿ ಎಂದು ಕೂತುಬಿಟ್ಟಳು.

ತಿರುಗಿ ಬರುವಾಗ ಮೋಟಾರಿನಲ್ಲಿ ನಾನೇ, ಅವನ್ನೆಲ್ಲ ಯಾವಾಗ ಓದಿದೆ ಎಂದು ಕೇಳಿದೆ. ನೀವು ಸಾಲಿಗೆ ಹೋದ ಮೇಲೆ ಎಂದಳು. ಮತ್ತೆ ನನಗೇಕೆ ಒಂದು ಮಾತು ಹೇಳಲಿಲ್ಲ ಎಂದೆ.

“ನಾ ಮೊದಲ ಓದೀನಿ ಅಂದ್ರ ನಿಮ್ಮ ಮಜಾ ಹೋಗತಿತ್ತು,” ಎಂದಳು. “ನೀವು ಅಷ್ಟು ಹೆದರಿಕೊಂಡು ಓದತಿದ್ರಿ. ಕೊಲಿಗಾರಗೋ, ಹೆಡ್ ಮಾಸ್ತರಗೋ, ಅದೊಂದು ನನಗ ತಿಳೀಲಿಲ್ಲ.”

ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ಇನ್ನು ಮೇಲೆ ತನ್ನ ಹೆಸರಿನಲ್ಲಿ ತನಗೆ ಬೇಕಾದ್ದನ್ನು ತಾನೇ ತರುವುದಾಗಿಯೂ, ನನ್ನದನ್ನು ನನ್ನ ಹೆಸರಿನಲ್ಲಿ ಬರೆಸಿಕೊಳ್ಳಬೇಕೆಂದೂ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ವಾದಿಸಬಹುದಾಗಿತ್ತು. ಬೇಳೆ ತೀರಿದೆ ಎನ್ನುವ ಧಾಟಿಯಲ್ಲಿ ಹೇಳಿದ್ದಳು.

ಮುಂದಿನ ವಾರ ಇಬ್ಬರೂ ಕೂಡಿ ದಾಮುಅಣ್ಣನ ಮಾಳಿಗೆ ಹತ್ತಿದೆವು. ಅವಳಿಗೆ ಕೊಲೆ ಸಾಕಾಗಿತ್ತಂತೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕನ್ನಡದ ಕಪಾಟಿನಿಂದ ಇಟ್ಟಂಗಿಯಂಥ ದಪ್ಪನೆಯ ಒಂದು ಸಾಮಾಜಿಕ ಕಾದಂಬರಿ ತೆಗೆದುಕೊಂಡಳು. ಮರಾಠಿ ಸಾಲಿಯಲ್ಲಿ ಕಲಿತವಳು ಅದನ್ನು ಅಕ್ಷರ ಕೂಡಿಸಿ ಓದಬೇಕು, ಆದರೂ ಓದುತ್ತೇನೆ ಎಂದಳು. ನಾನು ರಟ್ಟಿನ ಮೇಲೆ ಎರಡು ಚೂರಿ ಇದ್ದ ಹೊಸದೊಂದನ್ನು ಆರಿಸಿ, ಜೀವಮಾನದಲ್ಲಿ ಮೊದಲ ಸಲ ರಜಿಸ್ಟರಿನಲ್ಲಿ ಆ ಪುಸ್ತಕದ ಮುಂದೆ ನನ್ನ ಪೂರ್ಣ ಹೆಸರು ಬರೆದೆ. ಬರೆದಾಗ ನಿಜವಾಗಿಯೂ ಎದೆ ಹಗುರವಾಯಿತು. ಲೇಖನಿ ಕೆಳಗಿಡುವಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಹೆಡ್ ಮಾಸ್ತರರು ಬಂದರು. ನನ್ನ ಕೈಯಲ್ಲಿದ್ದ ಚೂರಿಗಳನ್ನು ನೋಡಿ, ಇದೇನು ಎಂದು ಕೇಳಿದರು.

“ಮನಿಯವರಿಗ್ರಿ,” ಎಂದಿತು ನನ್ನ ಬಾಯಿ.

ಅವರು ಚಂದ್ರಾಬಾಯಿಯ ಕಡೆ ತಿರುಗಿದರು. ಅವಳು ಇಟ್ಟಂಗಿಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದಳು.

“ಇದು ನಂದ್ರೀ.”

ಹೆಡ್ ಮಾಸ್ತರರು ಮೂಗಿಗೆ ಚಾಳೀಸು ಏರಿಸಿಕೊಂಡು ರಜಿಸ್ಟರಿನ ಮೇಲೆ ಬಾಗಿದರು. ಶಾಯಿ ಇನ್ನೂ ಆರಿರಲಿಲ್ಲ. ಅಕ್ಷರಗಳು ಮಾತ್ರ, ಎಷ್ಟೆಂದರೂ ಮಾಸ್ತರನ ಕೈಬರಹ, ಮುತ್ತು ಪೋಣಿಸಿದಂತೆ ಸ್ಪಷ್ಟವಾಗಿದ್ದವು.